ಜೂನ್ ಒಂದರಂದು ಹುಟ್ಟಿದವರು

ತ್ಯಾಗರಾಜ ರಾಜೀನಾಮೆ ಬರೆದಿರಲಿಲ್ಲ. ಅವನ ಹೆಸರಿನಲ್ಲಿ, ಅವನ ಸಹಿಯ ಮೇಲೆ, ಬೇರೆ ಯಾರೋ ಬರೆದಿದ್ದರು. ಕೆಲಸಕ್ಕೆ ಹೋಗುತ್ತಿದ್ದ ಬ್ಯಾಂಕಿನ ಪ್ರೋಗ್ರಾಮನ್ನು ಕದ್ದು ನಕಲು ಮಾಡಿಕೊಂಡೆ, ತಪ್ಪೊಪ್ಪಿಕೊಂಡು ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿತ್ತು. ಅವನನ್ನು ಬ್ಯಾಂಕಿನ ಕೆಲಸಕ್ಕೆ ಕಳಿಸಿದ್ದ ಕಂಪನಿ ಆ ಕಾಗದವನ್ನು ಕೆಲಸದ ಪರವಾನಗಿ ಕೊಡುವ ಕಚೇರಿಗೆ ಕಳಿಸಿತು. ಪರವಾನಗಿ ರದ್ದಾಯಿತು. ಇಪ್ಪತ್ತೆಂಟು ದಿನದೊಳಗೆ ದೇಶ ಬಿಡಬೇಕೆಂದು ಉತ್ತರ ಬಂತು.

ಇಪ್ಪತ್ತೆಂಟರಲ್ಲಿ ಇಪ್ಪತ್ತಾರು ದಿನ ಮುಗಿದಿದ್ದವು.

ಆ ಶನಿವಾರ ಮಧ್ಯಾಹ್ನ, ಐಂಡ್‌ಹೋವನ್ ಪಕ್ಕದ ಬೆಸ್ಟ್ ಎಂಬ ಊರಿನಲ್ಲಿ ತ್ಯಾಗರಾಜನೂ ಸಹೋದ್ಯೋಗಿಗಳೂ ಬಾಡಿಗೆಗಿದ್ದ ಸಾಲುಮನೆಯ ಕಕ್ಕಸಿನಿಂದ ಕಾಶಮ್ಮ ಹೊರಗೆ ಬಂದಾಗ ಅವಳ ಕೈಯಲ್ಲಿ ಒಂದು ಕ್ಯಾಲೆಂಡರ್ ಇತ್ತು.

"ಏನ್ ಮೇಡಂ, ಅದನ್ಯಾಕೆ ಕಿತ್ಕೊಂಡು ಬಂದ್ರಿ?" ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದ ಮುರಳೀಧರ ಬೆಚ್ಚಿಬಿದ್ದ. "ಪಕ್ಕದ ಮನೆ ಅಜ್ಜಿ ನೋಡಿದ್ರೆ ನಮ್ಮನ್ನ ಬೀದಿಗೆ ಹಾಕ್ತಾಳೆ ಅಷ್ಟೇ."

"ಕಿತ್ತಿಲ್ರಿ, ಮೊಳೀಂದ ಇಳಿಸೀನಿ. ಹೋಗೂ ಮುಂದ ತಿರುಗಿ ಹಾಕ್ತೀನಿ."

ಕಾಶಮ್ಮ ಧಾರವಾಡದ ಕೃಷಿ ಕಾಲೇಜಿನಲ್ಲಿ ಬೀಜದ ಪಾಠ ಹೇಳುವವಳು. ಎರಡು ವರ್ಷ ರಜೆ ಹಾಕಿ ಇಲ್ಲಿಯ ವಾಗೆನಿಂಗನ್ ವಿಶ್ವವಿದ್ಯಾಲಯಕ್ಕೆ ಓದಲು ಬಂದಿದ್ದಳು. ಒಳ್ಳೆಯ ಬೀಜದ ಚೀಲದೊಳಗೆ ಸೇರಿಕೊಂಡ ಸುಳ್ಳು ಬೀಜವನ್ನು ಬೇರ್ಪಡಿಸುವುದು ಅವಳ ಕಸುಬು. ಬಣ್ಣ ಒಂದೇ ಇರಬಹುದು, ಗಾತ್ರ ಒಂದೇ ಇರಬಹುದು. ಬೇರೆ ಹೊಲದ ಕಾಳು ಎಲ್ಲೋ ಒಂದು ಕಡೆ ತನ್ನ ಹೊಲವನ್ನು ಹೇಳಿಯೇ ತೀರುತ್ತದೆ ಎಂದು ಅವಳು ನಂಬಿದ್ದಳು. ಸಂಕ್ರಾಂತಿಯಂದು ಎಳ್ಳುಬೆಲ್ಲ ಹಂಚುವಾಗ ಪರಿಚಯವಾದ ತ್ಯಾಗರಾಜ, ಹತ್ತು ದಿನ ಬಿಟ್ಟು ಆ ಕಾಗದ ಹಿಡಿದುಕೊಂಡು ಅವಳ ಬಾಗಿಲಿಗೆ ಬಂದು ನಿಂತಿದ್ದ.

ಸಹಿ ಅಸಲಿ ಎಂದು ಗೊತ್ತಾದಂದಿನಿಂದ ದಾರಿ ಮುಚ್ಚಿಹೋಗಿತ್ತು. ಕೆಲಸಕ್ಕೆ ಸೇರುವ ದಿನ, ಈ ದೇಶಕ್ಕೆ ಕಳಿಸಲಿದ್ದ ಹನ್ನೊಂದು ಜನರಿಂದಲೂ ಕಂಪನಿ ಎರಡೆರಡು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿತ್ತು. ಆ ಹಾಳೆಗಳಲ್ಲೊಂದರ ಮೇಲೇ ರಾಜೀನಾಮೆ ಅಚ್ಚಾಗಿತ್ತು. ಐಂಡ್‌ಹೋವನ್‌ನ ವಕೀಲೆ ಖಂಡಿತವಾಗಿ ಹೇಳಿದ್ದಳು: ಬರೆದವರು ಬೇರೆ ಎನ್ನುವುದಕ್ಕೆ ಒಂದು ಪುರಾವೆ ತನ್ನಿ. ಶನಿವಾರ ಸಂಜೆ ಐದರವರೆಗೆ ಕಾಯುತ್ತೇನೆ, ಸೋಮವಾರ ಬೆಳಗ್ಗೆ ಆಕ್ಷೇಪಣೆ ಹಾಕುತ್ತೇನೆ. ಪುರಾವೆ ಇಲ್ಲದಿದ್ದರೆ ಬರಬೇಡಿ.

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಆಗಿತ್ತು. ಉಳಿದ ಕಾಗದಗಳನ್ನು ವಕೀಲೆಗೆ ತಲುಪಿಸಲೆಂದು ತ್ಯಾಗರಾಜ ಆಗಲೇ ಸ್ಟೇಷನ್ನಿಗೆ ಹೊರಟುಹೋಗಿದ್ದ.

ಕಾಶಮ್ಮ ಊಟದ ಮೇಜಿನ ಮೇಲೆ ಕ್ಯಾಲೆಂಡರ್ ಹರಡಿದಳು. ಈ ದೇಶದಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರಿಗೆ ಕಕ್ಕಸಿನ ಗೋಡೆಯೇ ಜಾಗ. ದಿನಕ್ಕೆ ನಾಲ್ಕು ಸಲ ಅದರೆದುರು ಕೂರಲೇಬೇಕಾದ್ದರಿಂದ ನೆಂಟರಿಷ್ಟರ ಹುಟ್ಟುಹಬ್ಬ ಮರೆಯುವ ಮಾತೇ ಇಲ್ಲ. ವರ್ಷ ಇಲ್ಲ, ವಾರ ಇಲ್ಲ, ತಿಂಗಳಿಗೊಂದು ಪುಟ. ಮನೆಯ ಒಡತಿ, ಪಕ್ಕದ ಮನೆಯ ಅಜ್ಜಿ ಮೆವ್ರೌ (ಎಂದರೆ ಶ್ರೀಮತಿ) ಕುಯ್ಪರ್, ಬಾಡಿಗೆಗೆ ಬಂದವರನ್ನೆಲ್ಲ ಕೇಳಿ ಕೇಳಿ ತನ್ನ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದಿಟ್ಟಿದ್ದಳು. ಫೆಬ್ರವರಿ ಪುಟ ಮೇಲಿತ್ತು. ಕಾಶಮ್ಮ ಜೂನ್‌ಗೆ ತಿರುಗಿಸಿದಳು.

"ಜೂನ್ ಒಂದು. ಮುರಳೀಧರ. ಕರಿಯಪ್ಪ. ತ್ಯಾಗರಾಜ."

ಮುರಳೀಧರನಿಗೆ ನಗು ಬಂತು. "ಅಯ್ಯೋ, ಅದೊಂದು ದೊಡ್ಡ ಕಥೆ ಮೇಡಂ. ಹೋದ ವರ್ಷ ಆ ದಿನ ಬೆಳಬೆಳಗ್ಗೆ ಅಜ್ಜಿ ಸೇಬಿನ ಕೇಕು ಹಿಡ್ಕೊಂಡು ಬಂದ್ಲು. ಇಲ್ಲಿಯವರ ಪದ್ಧತಿ ನೋಡಿ, ಮೂರೂ ಜನಕ್ಕೆ ಕೆನ್ನೆಗೆ ಮೂರು ಮೂರು ಮುತ್ತು. ಕರಿಯಪ್ಪ ಎರಡು ದಿನ ಮುಖ ತೊಳೀಲಿಲ್ಲ. ಒಂದೇ ಮನೇಲಿ ಮೂರು ಜನ ಒಂದೇ ದಿನ ಹುಟ್ಟಿದೀರಲ್ಲ, ಪೇಪರ್‌ನವರಿಗೆ ಹೇಳ್ತೀನಿ ಅಂತ ಹೊರಟಿದ್ಲು. ತಡಿಯೋಷ್ಟರಲ್ಲಿ ಸಾಕಾಯ್ತು."

"ಖರೇ ಮಾತು ಹೇಳಲಿಲ್ಲೇನು ಆಕಿಗೆ?"

"ಏನಂತ ಹೇಳ್ಲಿ? ನಮ್ಮಪ್ಪ ಶಾಲೆಗೆ ಸೇರಿಸೋಕೆ ಕರ್ಕೊಂಡು ಹೋದ್ರು, ತಾರೀಕು ಕೇಳಿದ್ರೆ ತಲೆ ಕೆರ್ಕೊಂಡ್ರು, ಮೇಷ್ಟ್ರು ಜೂನ್ ಒಂದು ಅಂತ ಗೀಚ್ಕೊಂಡ್ರು ಅಂತಾನಾ? ಅಜ್ಜಿಗೆ ಎದೆ ಒಡೆದುಹೋಗತ್ತೆ."

"ನಂದೂ ಜೂನ್ ಒಂದ," ಎಂದಳು ಕಾಶಮ್ಮ. "ನಮ್ಮೂರ ಸಾಲಿ ಮಾಸ್ತರ ಅರ್ಧ ಊರನ್ನ ಒಂದ ದಿವಸ ಹಡದಾನ."

ಇಬ್ಬರೂ ನಕ್ಕರು. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ಸೂರಿನಾಮಿನಿಂದ ಬಂದ ಭಾರತೀಯರ ಅಂಗಡಿಯಿಂದ ತಂದ ನುಗ್ಗೆಕಾಯಿಯ ವಾಸನೆ ಇಡೀ ಮನೆಯನ್ನು ತುಂಬಿತ್ತು.

"ನಿಮ್ಮ ಅವ್ವ ಹೇಳೂದು ಯಾವ ದಿನಾ?"

"ಗೌರಿಹಬ್ಬದ ಮಾರನೇ ದಿನ ಅಂತಾರೆ."

"ಅದನ್ನ ಎಂದರ ಸರ್ಕಾರಿ ಕಾಗದದ ಮ್ಯಾಲೆ ಬರದೀರೇನು?"

"ಹುಚ್ಚಾ ಮೇಡಂ?" ಮುರಳೀಧರ ಸೌಟನ್ನು ಗಾಳಿಯಲ್ಲಿ ಬೀಸಿದ. "ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು, ವೀಸಾ, ಎಲ್ಲಾ ಮೂರಾಬಟ್ಟೆ ಆಗಿಹೋಗತ್ತೆ. ಗಾಢನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಜೂನ್ ಒಂದೇ ಅನ್ನೋದು ನಾನು."

"ನಾನೂ ಹಂಗ ಅಂತೀನಿ."

ಹತ್ತು ನಿಮಿಷದ ಹಿಂದಿನವರೆಗೆ ಕಾಶಮ್ಮನ ಅನುಮಾನವೆಲ್ಲ ಈ ಮುರಳೀಧರನ ಮೇಲೇ ಇತ್ತು. ಡಿಸೆಂಬರಿನಲ್ಲಿ ತ್ಯಾಗರಾಜನೊಂದಿಗೆ ಜಗಳವಾಡಿದವನು ಇವನು. ಬ್ಯಾಂಕಿನಲ್ಲಿ ತ್ಯಾಗರಾಜನ ಕುರ್ಚಿ ಸಿಕ್ಕಿದ್ದೂ ಇವನಿಗೇ. ಈಗ ಆ ಅನುಮಾನ ಮೊರದಿಂದ ಹೊಟ್ಟು ಹಾರಿದ ಹಾಗೆ ಹಾರಿಹೋಯಿತು.

ಅವಳು ಚೀಲದಿಂದ ರಾಜೀನಾಮೆಯ ನಕಲು ತೆಗೆದು ಕ್ಯಾಲೆಂಡರಿನ ಪಕ್ಕದಲ್ಲಿಟ್ಟಳು. ಬೆರಳನ್ನು ಸಹಿಯ ಮೇಲಿಡಲಿಲ್ಲ. ಇಪ್ಪತ್ತಾರು ದಿನ ಎಲ್ಲರೂ ಸಹಿಯನ್ನೇ ನೋಡಿದ್ದರು. ಅವಳು ಮೇಲಿನ ಮೂರನೇ ಸಾಲನ್ನು ತೋರಿಸಿದಳು. ಇಲ್ಲಿಯ ಕಚೇರಿಗಳಿಗೆ ಬರಿಯ ಹೆಸರು ಸಾಲದು. ಹೆಸರಿನ ಕೆಳಗೆ ಹುಟ್ಟಿದ ತಾರೀಕು ಇದ್ದರೇ ಮನುಷ್ಯ.

"ಜನನ, ಒಂಬತ್ತು ಅಕ್ಟೋಬರ್ ಸಾವಿರದ ಒಂಬೈನೂರ ಅರವತ್ತಾರು," ಮುರಳೀಧರ ಓದಿದ. ಮತ್ತೊಮ್ಮೆ ಓದಿದ. ಒಲೆ ಆರಿಸಿದ. "ಇದು ತ್ಯಾಗರಾಜನ ಅಮ್ಮ ಹೇಳೋ ದಿನ. ನನಗೆ ಗೊತ್ತು. ಆದ್ರೆ ಅವನಾಗಲೀ ನಾನಾಗಲೀ ಇದನ್ನ ಇಂಥ ಕಾಗದದ ಮೇಲೆ..."

"ಬರೆಯೂದಿಲ್ಲ. ತ್ಯಾಗರಾಜ ಈ ಕಾಗದಾ ನೂರು ಸಲ ಓದ್ಯಾನ. ತಪ್ಪು ಅವನ ಕಣ್ಣಿಗೆ ಬೀಳಲಿಲ್ಲ. ಯಾಕಂದ್ರ ಅವನ ಪಾಲಿಗೆ ಅದು ಖರೇನ ಐತಿ."

"ಶೇಷಾದ್ರಿ ಸರೇ ಬರೆದಿರಬಹುದಲ್ಲ?"

"ಅವರು ಕೂತು ಬರದಿದ್ರ ಪಾಸ್‌ಪೋರ್ಟ್ ನೋಡಿ ಬರೀತಿದ್ರು. ಎಲ್ಲಾರ ಪಾಸ್‌ಪೋರ್ಟೂ ಅವರ ಬೀರುವಿನಾಗ ಅದಾವಲ್ಲ."

ಅದೇ ಇಡೀ ಜಗಳದ ಬೇರು. ಶೇಷಾದ್ರಿ ಕಂಪನಿಯ ಇಲ್ಲಿಯ ಮ್ಯಾನೇಜರ್. ವಿಮಾನ ಇಳಿದ ದಿನವೇ ಹನ್ನೊಂದು ಜನರ ಪಾಸ್‌ಪೋರ್ಟನ್ನೂ ತೆಗೆದುಕೊಂಡು ಆಫೀಸಿನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ನಿಮ್ಮ ಸುರಕ್ಷತೆಗೆ ಎಂದಿದ್ದರು. ಬೀಗ ಹಾಕುವವರು ಯಾವ ಕಾಲದಲ್ಲೂ ಬೇರೆ ಮಾತು ಹೇಳಿದ್ದಿಲ್ಲ. ಹನ್ನೊಂದನ್ನೂ ಹಿಂದಕ್ಕೆ ಕೊಡಿ, ಇಲ್ಲವಾದರೆ ಕಾರ್ಮಿಕ ಇಲಾಖೆಗೆ ಬರೆಯುತ್ತೇನೆ ಎಂದು ತ್ಯಾಗರಾಜ ಡಿಸೆಂಬರಿನಲ್ಲಿ ಕೇಳಿದ. ಸುಮ್ಮನಿರೋ, ನಮ್ಮ ಹೊಟ್ಟೆಗೆ ಕಲ್ಲು ಹಾಕ್ಬೇಡ ಎಂದು ಮುರಳೀಧರ ಅವನೊಂದಿಗೆ ಜಗಳವಾಡಿದ್ದೂ ಆ ಕಾರಣಕ್ಕೇ.

"ಅಂದ್ರ ಇದನ್ನ ಬರದಾವ ಪಾಸ್‌ಪೋರ್ಟ್ ನೋಡದ, ನೆನಪಿಲೇ ಬರದಾನ," ಕಾಶಮ್ಮ ನಿಧಾನವಾಗಿ ಹೇಳಿದಳು. "ಮನಷ್ಯಾಗ ಎರಡು ಹುಟ್ಟಿದ ದಿನಾ ಇರತಾವ ಅನ್ನೂದ ಅವಗ ಗೊತ್ತಿಲ್ಲ. ಅಂಥಾವ ಈ ಮನ್ಯಾಗ ಯಾರದಾನ?"

ಮುರಳೀಧರನ ಕಣ್ಣು ತಾನಾಗಿಯೇ ಮೆಟ್ಟಿಲಿನ ಕಡೆ ಹೊರಳಿತು.

"ಆಕರ್ಷ್," ಎಂದು ಕೂಗಿದ. "ಬಾರೋ ಕೆಳಗೆ."

ಆಕರ್ಷ್ ಇಳಿದು ಬಂದ. ಇಪ್ಪತ್ನಾಲ್ಕರ ಹುಡುಗ, ಬೆಂಗಳೂರಿನ ಜಯನಗರದವನು. ಸೆಪ್ಟೆಂಬರಿನಲ್ಲಿ ಬಂದಾಗ ಚಪಾತಿ ಸುಡಲೂ ಬಾರದಿದ್ದವನಿಗೆ ತ್ಯಾಗರಾಜನೇ ಅಡುಗೆ ಕಲಿಸಿದ್ದ, ಸೈಕಲ್ ಕೊಡಿಸಿದ್ದ. ಮೂರು ವಾರದಿಂದ ಈ ಹುಡುಗ ಯಾರ ಜೊತೆಯೂ ಸರಿಯಾಗಿ ಊಟಕ್ಕೆ ಕೂತಿರಲಿಲ್ಲ.

"ಬಾ ತಮ್ಮಾ, ಕೂಡು," ಎಂದಳು ಕಾಶಮ್ಮ. "ನಿನ್ನ ಹುಟ್ಟಿದ ಹಬ್ಬ ಎಂದು?"

"ಮಾರ್ಚ್ ಇಪ್ಪತ್ಮೂರು. ಯಾಕೆ ಮೇಡಂ?"

"ಪಾಸ್‌ಪೋರ್ಟಿನಾಗ?"

"ಅದೇ." ಆಕರ್ಷ್ ಇಬ್ಬರ ಮುಖವನ್ನೂ ನೋಡಿದ. "ಬೇರೆ ಹೇಗಿರತ್ತೆ?"

ಮುರಳೀಧರ ಸೌಟನ್ನು ಕೆಳಗಿಟ್ಟ.

"ತ್ಯಾಗರಾಜಂದು ಎಂದು?"

"ಅಕ್ಟೋಬರ್ ಒಂಬತ್ತು. ಅವಾಗ ಇವರೂ ಕರಿಯಪ್ಪನೋರೂ ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ರು, ಮನೇಲಿ ನಾವಿಬ್ರೇ. ಇವತ್ತು ನನಗೆ ಮೂವತ್ತೆರಡು ತುಂಬ್ತು ಕಣೋ ಅಂತ ತ್ಯಾಗಣ್ಣ ಶಾವಿಗೆ ಪಾಯಸ ಮಾಡಿದ್ರು. ಎರಡು ಲೋಟ..."

ಕಾಶಮ್ಮ ಕ್ಯಾಲೆಂಡರನ್ನು ಅವನ ಕಡೆ ಸರಿಸಿದಳು.

ಜೂನ್ ಒಂದರ ಮುಂದಿನ ಮೂರು ಹೆಸರನ್ನು ಆಕರ್ಷ್ ಓದಿದ. ಆಮೇಲೆ ಪಕ್ಕದ ಕಾಗದದ ಮೂರನೇ ಸಾಲು ಓದಿದ. ಅವನ ಕಿವಿ ಮೊದಲು ಕೆಂಪಾಯಿತು, ನಂತರ ಬಿಳಿಚಿತು.

"ನೀ ಬಂದದ್ದು ಸೆಪ್ಟೆಂಬರ್," ಎಂದಳು ಕಾಶಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಜೂನ್ ಪುಟಾ ಇನ್ನೂ ನಿನ್ನ ಮುಂದ ತೆರೆದಿಲ್ಲ."

"ಲೋ," ಮುರಳೀಧರನ ಬಾಯಿಂದ ಮಾತು ಕಿತ್ತುಕೊಂಡು ಬಂತು. "ಎರಡು ಸಾವಿರದ ಇಸವಿ ಬಂದ್ರೆ ಕಂಪ್ಯೂಟರ್ ತಾರೀಕು ತಪ್ಪಾಗತ್ತೆ ಅಂತ ಬ್ಯಾಂಕಲ್ಲಿ ದಿನಾ ಸಾವಿರ ತಾರೀಕು ತಿದ್ದೋನಲ್ವೇನೋ ನೀನು? ನಿನ್ನ ಅಣ್ಣನ ತಾರೀಕು ಗೊತ್ತಾಗ್ಲಿಲ್ವಾ?"

"ಮುರಳೀಧರ ಅವರ, ನೀವು ಸ್ವಲ್ಪ ಸುಮ್ಮಕಿರ್ರಿ."

ಆಕರ್ಷ್ ಮೇಜಿನ ಅಂಚನ್ನು ಹಿಡಿದು ಕೂತೇ ಹೇಳಿದ.

"ಶೇಷಾದ್ರಿ ಸರ್ ಒಂದು ಚೀಟಿ ಕೊಟ್ರು. ತ್ಯಾಗರಾಜನನ್ನ ಫ್ರಾಂಕ್‌ಫರ್ಟ್‌ಗೆ ಹಾಕ್ತಾ ಇದೀವಿ, ಇಲ್ಲಿ ರಿಸೈನ್ ಮಾಡಿದ ಹಾಗೆ ಒಂದು ಕಾಗದ ಬೇಕು, ಬರೀ ಫಾರ್ಮಾಲಿಟಿ, ಟೈಪ್ ಮಾಡು ಅಂದ್ರು. ಅವನು ಒಪ್ಪಿದಾನೆ, ಅವನ ಹತ್ರ ಮಾತ್ರ ಈ ವಿಷಯ ಎತ್ತಬೇಡ, ಬೇಜಾರಲ್ಲಿದಾನೆ ಅಂದ್ರು. ಚೀಟಿಯಲ್ಲಿ ಹುಟ್ಟಿದ ತಾರೀಕು ಖಾಲಿ ಇತ್ತು. ನನಗೆ ಗೊತ್ತಿತ್ತಲ್ಲ, ನಾನೇ ಹಾಕ್ದೆ."

"ಕಳವಿನ ಮಾತು?"

"ನಾನು ಟೈಪ್ ಮಾಡಿದ್ರಲ್ಲಿ ಅದು ಇರಲಿಲ್ಲ ಮೇಡಂ. ದೇವರಾಣೆ. ಹೆಸರು, ತಾರೀಕಿನ ಕೆಳಗೆ ಎರಡೇ ಸಾಲಿತ್ತು. ಕದ್ದೆ ಅನ್ನೋದನ್ನ ಆಮೇಲೆ ಸೇರಿಸಿದಾರೆ. ದೇಶ ಬಿಡಿ ಅನ್ನೋ ಕಾಗದ ಬಂದ ದಿನ ನೋಡ್ದೆ ನಾನು. ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಯಾಕ?"

"ಟೈಪ್ ಮಾಡಿದೋನು ನೀನು, ಬಾಯಿ ಬಿಟ್ರೆ ನಿನ್ನ ಮೇಲೇ ಕೇಸು ಅಂದ್ರು. ನನ್ನ ಪಾಸ್‌ಪೋರ್ಟೂ ಅವರ ಹತ್ರ ಇದೆ."

ಕಾಶಮ್ಮ ಎದ್ದು ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು. ಅವನು ಕುಡಿಯುವವರೆಗೂ ಕಾದಳು.

"ನೀ ಟೈಪ್ ಮಾಡಿದ್ದು ಎಲ್ಲೈತಿ?"

"ಫ್ಲಾಪಿಯಲ್ಲಿ ಕೊಟ್ಟೆ. ಕಂಪ್ಯೂಟರಿಂದ ಅಳಿಸಿಬಿಡು ಅಂದ್ರು, ಅಳಿಸ್ದೆ." ಅವನು ಅಂಗಿಯ ಜೇಬಿನ ಮೇಲೆ ಕೈಯಿಟ್ಟ. "ಆದ್ರೆ ಎರಡು ಮಾಡಿದ್ದೆ ಮೇಡಂ. ಬಂದ ಹೊಸದ್ರಲ್ಲಿ ತ್ಯಾಗಣ್ಣ ಕಿವಿ ಹಿಂಡಿ ಕಲಿಸಿದ್ರು, ಬ್ಯಾಕಪ್ ಇಲ್ದೆ ಏನನ್ನೂ ಯಾರಿಗೂ ಕೊಡಬೇಡ ಅಂತ."

ಕಪ್ಪು ಫ್ಲಾಪಿ ಮೇಜಿನ ಮೇಲೆ ಬಂತು. ರಾಜೀನಾಮೆಯ ಮೇಲಿದ್ದ ತಾರೀಕು ಜನವರಿ ಹನ್ನೊಂದು. ಫೈಲು ಹುಟ್ಟಿದ್ದು ಹದಿನೈದಕ್ಕೆ ಎಂದು ಆಕರ್ಷ್ ಹೇಳಿದ. ನಾಲ್ಕು ದಿನ ಮೊದಲೇ ಬರೆದಂತೆ ತೋರಿಸಿದ್ದ ಕಾಗದ, ಫ್ಲಾಪಿಯಲ್ಲಿ ಇಲ್ಲದ ಕಳ್ಳತನ, ಪಾಸ್‌ಪೋರ್ಟಿಗೇ ಹೊಂದದ ಹುಟ್ಟಿದ ದಿನ. ಐದು ಗಂಟೆಯೊಳಗೆ ಐಂಡ್‌ಹೋವನ್‌ಗೆ ಮುಟ್ಟಿಸಿದರೆ ಸಾಕು. ಇಲ್ಲಿಂದ ರೈಲಿನಲ್ಲಿ ಹತ್ತೇ ನಿಮಿಷ. ಕಾಶಮ್ಮ ಗಡಿಯಾರ ನೋಡಿದಳು. ನಾಲ್ಕಕ್ಕೆ ಇಪ್ಪತ್ತು ನಿಮಿಷ.

"ಏಳು, ಹೋಗೂಣು."

ಆಕರ್ಷ್ ಏಳಲಿಲ್ಲ. "ಮೇಡಂ, ಇನ್ನೊಂದು ವಿಷಯ. ನೀವು ಬರ್ತೀರ ಅಂತ ಗೊತ್ತಾದಾಗ ಹೆದರಿಕೆ ಆಯ್ತು. ಬೆಳಗ್ಗೆ ಶೇಷಾದ್ರಿ ಸರ್‌ಗೆ ಫೋನ್ ಮಾಡಿ, ನನ್ನ ಹತ್ರ ಇನ್ನೊಂದು ಫ್ಲಾಪಿ ಇದೆ, ಏನ್ ಮಾಡ್ಲಿ ಅಂತ ಕೇಳಿಬಿಟ್ಟೆ."

ಮುರಳೀಧರ ಹಣೆ ಚಚ್ಚಿಕೊಂಡ. ಹೊರಗೆ ಕಾರೊಂದು ಬಂದು ನಿಂತ ಸದ್ದಾಯಿತು.

ಪರದೆ ಇಲ್ಲದ ದೊಡ್ಡ ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ಶೇಷಾದ್ರಿ ಕೆಳಗಿಳಿದು, ಮಫ್ಲರ್ ಸರಿಮಾಡಿಕೊಂಡು, ಇನ್ನೊಂದು ಬಾಗಿಲನ್ನು ತಾವೇ ತೆಗೆದರು. ಇಳಿದವನು ತ್ಯಾಗರಾಜ. ಕಂದು ಕವರೊಂದನ್ನು ಎದೆಗೆ ಒತ್ತಿಹಿಡಿದಿದ್ದ.

ಒಳಗೆ ಬಂದವರು ಇಬ್ಬರೂ ಬೂಟು ಬಿಚ್ಚಿಟ್ಟರು. ಶೇಷಾದ್ರಿ ಐವತ್ತರ ಮೆದುಮಾತಿನ ಮನುಷ್ಯ.

"ನಮಸ್ಕಾರ ಕಾಶಮ್ಮನವರೇ. ಹುಳಿ ವಾಸನೆ ಚೆನ್ನಾಗಿದೆ ಮುರಳಿ. ಸ್ಟೇಷನ್ ಹತ್ರ ತ್ಯಾಗರಾಜ ಸಿಕ್ಕಿದ, ಕೂತು ಮಾತಾಡಿದ್ವಿ. ಮನೆಯ ವಿಷಯ ಮನೆಯಲ್ಲೇ ಮುಗೀಬೇಕು ನೋಡಿ. ಬೀದಿಗೆ ಯಾಕೆ?"

ಕಾಶಮ್ಮ ಅವರತ್ತ ನೋಡಲಿಲ್ಲ. "ಏನಾತೋ ತ್ಯಾಗರಾಜ?"

ತ್ಯಾಗರಾಜ ಕವರನ್ನು ಮೇಜಿನ ಮೇಲೆ ಸುರಿದ. ಕಡುನೀಲಿ ರಟ್ಟಿನ ಪಾಸ್‌ಪೋರ್ಟುಗಳು ಜಾರಿಕೊಂಡು ಕ್ಯಾಲೆಂಡರಿನ ಮೇಲೆಲ್ಲ ಹರಡಿದವು.

"ಹನ್ನೊಂದೂ ಇದೆ ಅಕ್ಕ, ಎಣಿಸಿ ತಂದೆ," ಎಂದ. ದನಿ ದಣಿದಿತ್ತು, ನಡುಗುತ್ತಿರಲಿಲ್ಲ. "ಆ ಫ್ಲಾಪಿ ಇವರಿಗೆ ಕೊಟ್ರೆ ಎಲ್ಲರಿಗೂ ಅವರವರದ್ದು ಅವರವರ ಕೈಗೆ. ನಾನು ನಾಳೆ ಬೆಳಗಿನ ವಿಮಾನಕ್ಕೆ ಹೊರಡ್ತೀನಿ. ನಾನು ಕೇಳಿದ್ದೂ ಇದನ್ನೇ ತಾನೆ?"

"ಕಳ್ಳ ಅಂತ ಹೆಸರು ಹೊತ್ಕೊಂಡು ಹೋಗ್ತೀಯೇನು? ಊರಾಗೂ ನಿನಗ ಯಾರೂ ಕೆಲಸ ಕೊಡೂದಿಲ್ಲ."

"ಒಬ್ಬನ ಹೆಸರು ಹೋದ್ರೆ ಹತ್ತು ಜನ ಉಳೀತಾರೆ. ಪರವಾಗಿಲ್ಲ ಬಿಡಿ."

ಮುರಳೀಧರ ಆಗಲೇ ತನ್ನ ಪಾಸ್‌ಪೋರ್ಟ್ ಹುಡುಕಿ ತೆಗೆದಿದ್ದ. ಹೆಬ್ಬೆರಳಿನಿಂದ ಅದರ ರಟ್ಟನ್ನು ಸವರುತ್ತ, ತಲೆಯೆತ್ತದೆ ಹೇಳಿದ: "ಕೊಟ್ಬಿಡೋ ಆಕರ್ಷ್. ಅವನೇ ಒಪ್ಪಿದ ಮೇಲೆ ನಮ್ಮದೇನು?"

ಕಾಶಮ್ಮ ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ಜೋಡಿಸಿದಳು. ಖಾಲಿ ಕವರನ್ನು ಎತ್ತಿ, ಬಾಯಿ ಅಗಲಿಸಿ, ತಲೆಕೆಳಗು ಮಾಡಿ ಕೊಡವಿದಳು.

"ಶೇಷಾದ್ರಿಯವರ, ಸಹಿ ಮಾಡಿದ ಖಾಲಿ ಹಾಳಿ ಎಲ್ಲಿ? ಹನ್ನೊಂದು ಮಂದೀದು ಎರಡೆರಡು. ಒಂದು ಖರ್ಚಾಗೇತಿ. ಇನ್ನೂ ಇಪ್ಪತ್ತೊಂದು ಉಳಿದಾವ."

ಶೇಷಾದ್ರಿ ಮುಗುಳ್ನಕ್ಕರು. "ಅದು ಕಂಪನಿ ರೆಕಾರ್ಡ್. ಪಾಸ್‌ಪೋರ್ಟ್ ಅವರದ್ದು, ಹಾಳೆ ನಮ್ಮದು." ಆಮೇಲೆ ಆಕರ್ಷ್‌ನ ಕಡೆ ತಿರುಗಿ, ಮಗುವಿಗೆ ಔಷಧಿ ಕುಡಿಸುವವರಂತೆ ಹೇಳಿದರು: "ನಿನ್ನದೂ ಎರಡಿದೆ ಮರಿ. ಕೊಡು, ಇಲ್ಲಿಗೆ ಮುಗಿಸೋಣ."

ಮುರಳೀಧರನ ಹೆಬ್ಬೆರಳು ರಟ್ಟಿನ ಮೇಲೆ ನಿಂತುಹೋಯಿತು.

ಆಕರ್ಷ್ ಫ್ಲಾಪಿಯನ್ನು ಎತ್ತಿಕೊಂಡ. ಶೇಷಾದ್ರಿ ಕೈಚಾಚಿದರು. ತ್ಯಾಗರಾಜ ಹುಡುಗನ ಬಳಿಗೆ ಬಂದು ಭುಜದ ಮೇಲೆ ಕೈಯಿಟ್ಟ.

"ನೀನು ಮಾಡಿದ್ದು ನನಗೆ ಗೊತ್ತು ಕಣೋ. ಕಾರಲ್ಲಿ ಇವರೇ ಹೇಳಿದ್ರು. ನನಗೆ ಸಿಟ್ಟಿಲ್ಲ. ನಾನೇ ಹೇಳ್ತಾ ಇದೀನಿ, ನನ್ನ ಮಾತು ಕೇಳು. ಕೊಟ್ಬಿಡು."

ನಾಲ್ಕಾಗಲು ಐದು ನಿಮಿಷವಿತ್ತು. ಆಕರ್ಷ್ ತನ್ನ ಪಾಸ್‌ಪೋರ್ಟನ್ನು ಒಮ್ಮೆ ನೋಡಿದ. ಅದನ್ನು ಮುಟ್ಟಲಿಲ್ಲ. ಬಾಗಿಲ ಬಳಿ ಹೋಗಿ ಬಗ್ಗಿ ಬೂಟು ಹಾಕಿಕೊಂಡ, ಎರಡೂ ಲಾಡಿ ಬಿಗಿಯಾಗಿ ಕಟ್ಟಿದ, ಫ್ಲಾಪಿಯನ್ನು ಸ್ವೆಟರಿನ ಒಳಗೆ ಅಂಗಿಯ ಜೇಬಿಗೆ ಇಳಿಬಿಟ್ಟ.

"ಇಲ್ಲ ತ್ಯಾಗಣ್ಣ," ಎಂದ. "ಅವತ್ತು ಅವರು ಹೇಳಿದ್ದು ಕೇಳ್ದೆ. ಇವತ್ತು ನೀವು ಹೇಳಿದ್ರೂ ಕೇಳಲ್ಲ. ಕೊಡಲ್ಲ."